ಚೆನ್ನೈ ಬಿಸಿಲಿನಲ್ಲಿ ಮಸಿಯ ಪಾಲು

ಪೊಂಗಲ್ಲಿನ ಮುನ್ನಾದಿನ ಭೋಗಿ. ಅಂದು ಬೆಳಗಿನ ಜಾವಕ್ಕೇ ಚೆನ್ನೈನ ಗಲ್ಲಿಗಳಲ್ಲಿ ಮಕ್ಕಳು ಪುಟ್ಟ ತಮಟೆ ಬಡಿಯತೊಡಗುತ್ತಾರೆ. ಮೈಲಾಪುರವಿರಲಿ, ವ್ಯಾಸರಪಾಡಿಯಿರಲಿ, ಮನೆಗಳ ಮುಂದೆ ಹರಕು ಚಾಪೆ, ಸವೆದ ಪೊರಕೆ, ಮುರಿದ ಮೊರ, ಹಳೆ ಬಟ್ಟೆ ರಾಶಿ ಬೀಳುತ್ತವೆ, ಬೆಂಕಿ ಹತ್ತುತ್ತದೆ. ಒಂದು ಕಾಲಕ್ಕೆ ಅಲ್ಲಿ ಉರಿಯುತ್ತಿದ್ದುದು ಹುಲ್ಲು, ಗರಿ, ನೂಲಿನ ಬಟ್ಟೆ. ಈಗ ಅವುಗಳ ಜೊತೆಗೆ ಪ್ಲಾಸ್ಟಿಕ್ ಚಾಪೆ, ರೆಕ್ಸಿನ್ನು, ಸೈಕಲ್ ಟಯರು. 2018ರ ಭೋಗಿಯಂದು ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ರನ್‌ವೇ ಕಾಣದೆ ಹಲವು ವಿಮಾನಗಳು ಬೇರೆ ಊರುಗಳತ್ತ ತಿರುಗಬೇಕಾಯಿತು. ಉತ್ತರ ಕರ್ನಾಟಕದವರಿಗೆ ಭೋಗಿ ಎಂದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಲವು ತರಕಾರಿ ಕೂಡಿಸಿದ ಪಲ್ಯ. ಹಳೇ ಮೈಸೂರಿನ ಕಡೆ ಬೆಂಕಿ ಬರುವುದು ಮರುದಿನ ಸಂಜೆ, ದನಗಳನ್ನು ಕಿಚ್ಚು ಹಾಯಿಸುವಾಗ. ಊರಿಗೆ ಊರೇ ಒಂದೇ ಗಳಿಗೆಯಲ್ಲಿ ಬೆಂಕಿ ಹಾಕುವ ಚೆನ್ನೈನ ಭೋಗಿ ಬೇರೆಯೇ.

ಆ ಹೊಗೆ ಅಷ್ಟು ದಟ್ಟವಾಗಿ ನಿಲ್ಲುವುದಕ್ಕೆ ಜನವರಿಯ ಹವೆಯೂ ಕಾರಣ. ಹಿಂಗಾರು ಮಳೆ ಮುಗಿದಿರುತ್ತದೆ, ರಾತ್ರಿ ನೆಲ ತಣ್ಣಗಾಗಿರುತ್ತದೆ, ಗಾಳಿ ಹೆಚ್ಚು ಅಲ್ಲಾಡುವುದಿಲ್ಲ. ನೆಲಕ್ಕೆ ತಾಗಿದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರ ಕೂತುಬಿಟ್ಟರೆ ಹೊಗೆಗೆ ಮೇಲೇರಲು ದಾರಿಯಿಲ್ಲ. ಮರುದಿನದ ಪತ್ರಿಕೆಗಳು ಬರೆಯುವುದು ಕಣ್ಣುರಿ, ಕೆಮ್ಮು, ತಡವಾದ ವಿಮಾನಗಳ ಬಗ್ಗೆ. ಬರೆಯಬೇಕಾದದ್ದೇ. ಆದರೆ ಸೂರ್ಯ ಮೇಲೇರಿದ ಮೇಲೆ ಆ ಹೊಗೆಯೊಳಗೆ ಇನ್ನೊಂದು ಕೆಲಸ ಶುರುವಾಗುತ್ತದೆ. ಹೊಗೆಯಲ್ಲಿರುವ ಕರಿಯ ಮಸಿ ಬಿಸಿಲನ್ನು ಹೀರತೊಡಗುತ್ತದೆ. ಭೋಗಿಯ ದಿನ ಮಾತ್ರವಲ್ಲ, ವರ್ಷದ ಅಷ್ಟೂ ದಿನ.

ಬೆಂಕಿಗೆ ಗಾಳಿ ಸಾಲದೆ ಹೋದಾಗ ಮಸಿ ಹುಟ್ಟುತ್ತದೆ. ಸೌದೆಯಾಗಲಿ ಡೀಸೆಲ್ಲಾಗಲಿ, ಕಾವಿಗೆ ಒಡೆದು ಸಣ್ಣ ಸಣ್ಣ ಇಂಗಾಲದ ತುಣುಕುಗಳಾಗುತ್ತದೆ. ಸಾಕಷ್ಟು ಆಮ್ಲಜನಕ ಸಿಕ್ಕರೆ ಅವು ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತವೆ. ಸಿಗದಿದ್ದರೆ ಒಂದಕ್ಕೊಂದು ಅಂಟಿ ಉಂಗುರಗಳಾಗಿ, ಉಂಗುರಗಳು ಹಾಳೆಗಳಾಗಿ, ಹಾಳೆಗಳು ಸುತ್ತಿಕೊಂಡು ಗುಂಡುಗಳಾಗುತ್ತವೆ. ಒಂದೊಂದು ಗುಂಡಿನ ಅಡ್ಡಳತೆ ಸುಮಾರು 10ರಿಂದ 50 ನ್ಯಾನೊಮೀಟರ್. ಒಂದು ಮಿಲಿಮೀಟರಿನಲ್ಲಿ ಅಂಥ ಹತ್ತಾರು ಸಾವಿರ ಗುಂಡುಗಳನ್ನು ಸಾಲಾಗಿ ಇಡಬಹುದು. ಜ್ವಾಲೆಯಿಂದ ಹೊರಬರುವಷ್ಟರಲ್ಲಿ ಅವು ಕೊಂಡಿ ಹಾಕಿಕೊಂಡು ಕೊಂಬೆ ಕೊಂಬೆಯಾದ ಸರಗಳಾಗಿರುತ್ತವೆ. ದೀಪದ ಜ್ವಾಲೆ ಹಳದಿಯಾಗಿ ಬೆಳಗುವುದೂ ಈ ಕಣಗಳಿಂದಲೇ. ಅವು ಕಾದು ಕೆಂಡವಾಗಿ ಹೊಳೆಯುತ್ತವೆ. ಮೈಕೆಲ್ ಫ್ಯಾರಡೆ 1860ರ ಚಳಿಗಾಲದಲ್ಲಿ ಲಂಡನ್ನಿನ ಮಕ್ಕಳಿಗೆ ಮೇಣದಬತ್ತಿಯ ಬಗ್ಗೆ ಉಪನ್ಯಾಸ ಕೊಟ್ಟಾಗ ತೋರಿಸಿದ್ದು ಇದನ್ನೇ. ಗ್ಯಾಸ್ ಒಲೆಯ ಉರಿ ನೀಲಿಯಾಗಿದ್ದರೆ ಅಲ್ಲಿ ಮಸಿಯಿಲ್ಲ ಎಂದೇ ಅರ್ಥ.

ಇನ್ನು ಬಿಸಿಲು. ಗಾಳಿಯಲ್ಲಿ ತೇಲುವ ಬಹುಪಾಲು ಕಣಗಳು, ಅಂದರೆ ಸಮುದ್ರದ ಉಪ್ಪು, ಗಂಧಕದ ಲವಣಗಳು, ನೈಟ್ರೇಟುಗಳು, ಬೆಳಕನ್ನು ಚದುರಿಸುತ್ತವೆಯೇ ಹೊರತು ಹೀರುವುದಿಲ್ಲ. ಬಿದ್ದ ಬೆಳಕು ದಿಕ್ಕು ಬದಲಿಸುತ್ತದೆ; ಒಂದಷ್ಟು ಬಾಹ್ಯಾಕಾಶಕ್ಕೇ ಮರಳುತ್ತದೆ. ಮಸಿಯ ಸ್ವಭಾವ ಬೇರೆ. ಅದರ ಇಂಗಾಲದ ಹಾಳೆಗಳಲ್ಲಿ ಕೆಲವು ಎಲೆಕ್ಟ್ರಾನುಗಳು ಯಾವ ಒಂದು ಪರಮಾಣುವಿಗೂ ಕಟ್ಟುಬೀಳದೆ ಹಾಳೆಯ ಉದ್ದಗಲಕ್ಕೂ ಓಡಾಡಿಕೊಂಡಿರುತ್ತವೆ. ಇಂತಿಷ್ಟೇ ಶಕ್ತಿಯ ಬೆಳಕು ಬೇಕು ಎಂಬ ಕಟ್ಟಳೆ ಅವಕ್ಕಿಲ್ಲ. ಅತಿನೇರಳೆಯಿಂದ ಕೆಂಪಿನಾಚೆಯ ಅವಕೆಂಪಿನ ತನಕ ಯಾವ ಬೆಳಕು ಬಂದರೂ ಸ್ವೀಕರಿಸುತ್ತವೆ. ಹಾಗೆ ಬಂದ ಶಕ್ತಿ ಕ್ಷಣಾರ್ಧದಲ್ಲಿ ಕಣದ ಕಂಪನವಾಗುತ್ತದೆ, ಅಂದರೆ ಶಾಖವಾಗುತ್ತದೆ. ಆ ಶಾಖ ಸುತ್ತಲಿನ ಗಾಳಿಗೆ ದಾಟುತ್ತದೆ. ಹಸಿರು ಬೆಳಕಿನಲ್ಲಿ ಅಳೆದರೆ ಆಗತಾನೆ ಹುಟ್ಟಿದ 1 ಗ್ರಾಂ ಮಸಿ ಸುಮಾರು 7.5 ಚದರ ಮೀಟರ್ ಜಾಗದ ಮೇಲೆ ಬೀಳುವ ಬೆಳಕನ್ನು ಹೀರಬಲ್ಲದು. ಒಂದು ಚಿಟಿಕೆ ಮಸಿಗೆ ಒಂದು ಸಣ್ಣ ಕೋಣೆಯ ನೆಲದಷ್ಟು ಬಿಸಿಲು.

ಮದುವೆಮನೆಯ ಅಂಗಳಕ್ಕೆ ಬಿಳಿ ಬಟ್ಟೆಯ ಚಪ್ಪರ ಹಾಕುವುದಕ್ಕೂ ಕರಿಯ ತಾಡಪಾಲು ಕಟ್ಟುವುದಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತು. ಎರಡೂ ನೆರಳು ಕೊಡುತ್ತವೆ. ಬಿಳಿಯದು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಕರಿಯದು ತಾನು ಕಾದು ಕೆಳಗಿನ ಗಾಳಿಯನ್ನೂ ಕಾಯಿಸುತ್ತದೆ. ಗಂಧಕದ ಕಣಗಳ ಮಬ್ಬಿಗೂ ಮಸಿಯ ಮಬ್ಬಿಗೂ ಇರುವ ಅಂತರ ಅಷ್ಟೇ. ನನಗೆ ಈ ವಿಷಯದಲ್ಲಿ ಮುಖ್ಯವೆನಿಸುವುದೂ ಇದೇ: ಮಸಿಯಿಂದ ನೆಲ ಕಳೆದುಕೊಂಡ ಬಿಸಿಲು ಭೂಮಿಯನ್ನು ಬಿಟ್ಟು ಹೋಗಿರುವುದಿಲ್ಲ. ಅದು ನಮ್ಮ ತಲೆಯ ಮೇಲಿನ ಗಾಳಿಯಲ್ಲೇ ಉಳಿದಿರುತ್ತದೆ.

ಕಣಗಳು ಬೆಳಕಿಗೆ ಏನು ಮಾಡಬಲ್ಲವು ಎಂಬುದನ್ನು ಮದ್ರಾಸು ಬಹಳ ಹಿಂದೆಯೇ ಕಣ್ಣಾರೆ ಕಂಡಿತ್ತು. 1883ರ ಆಗಸ್ಟ್ ಕೊನೆಯಲ್ಲಿ ಇಂಡೊನೇಷ್ಯಾದ ಕ್ರಕಟೋವ ಜ್ವಾಲಾಮುಖಿ ಸಿಡಿಯಿತು. ಸೆಪ್ಟೆಂಬರಿನಲ್ಲಿ ಮದ್ರಾಸಿನ ಜನ ಹಸಿರು ಬಣ್ಣದ ಸೂರ್ಯನನ್ನು ನೋಡಿದರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಚಾರ್ಲ್ಸ್ ಮಿಚಿ ಸ್ಮಿತ್ ಆ ಸೂರ್ಯನ ವರ್ಣಪಟಲವನ್ನು ಪರೀಕ್ಷಿಸಿ ದಾಖಲಿಸಿದರು. ಮುಂದೆ ಕೊಡೈಕೆನಾಲಿನ ಸೌರ ವೀಕ್ಷಣಾಲಯ ಕಟ್ಟಿದವರೂ ಅವರೇ. ಅಂದಿನ ಆ ಬಣ್ಣ ಮಸಿಯದಲ್ಲ, ಜ್ವಾಲಾಮುಖಿಯಿಂದ ಬಂದ ಕಣಗಳ ಚದುರಿಕೆಯದು. ಸಾವಿರಾರು ಕಿಲೋಮೀಟರ್ ದೂರದ ಹೊಗೆ ಒಂದು ಊರಿನ ಬಿಸಿಲಿನ ಬಣ್ಣವನ್ನೇ ಬದಲಿಸೀತು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮಸಿಯ ಲೆಕ್ಕ ಸಿಗಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಅದರ ಹಿಂದಿರುವ ಮುಖ್ಯ ಹೆಸರು ವೀರಭದ್ರನ್ ರಾಮನಾಥನ್. ತಮಿಳು ಮನೆಮಾತಿನ ಇವರು ಹನ್ನೊಂದನೇ ವಯಸ್ಸಿಗೆ ಬೆಂಗಳೂರಿಗೆ ಬಂದವರು. ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಓದು ಮುಗಿಸಿ 1970ರಲ್ಲಿ ಅಮೆರಿಕಕ್ಕೆ ಹೋದರು. ಅವರ ಮುಂದಾಳ್ತನದಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ಹಿಂದೂ ಮಹಾಸಾಗರದ ಮೇಲೆ ‘ಇಂಡೊಯೆಕ್ಸ್’ ಪ್ರಯೋಗ ನಡೆಸಿದರು. ಹಡಗು, ವಿಮಾನ, ಉಪಗ್ರಹ, ಮಾಲ್ಡೀವ್ಸಿನ ಕಾಶಿಧೂ ದ್ವೀಪದ ವೀಕ್ಷಣಾಲಯ ಎಲ್ಲವೂ ಅದರಲ್ಲಿ ಸೇರಿದ್ದವು. ಮುಖ್ಯ ಅಳತೆಗಳು ನಡೆದದ್ದು 1999ರ ಜನವರಿಯಿಂದ ಮಾರ್ಚ್‌ವರೆಗೆ. ಶುಭ್ರವಾಗಿರಬೇಕಿದ್ದ ನಡುಗಡಲ ಆಕಾಶದಲ್ಲಿ ಅವರಿಗೆ ಎದುರಾದದ್ದು ದಕ್ಷಿಣ ಏಷ್ಯಾದಿಂದ ತೇಲಿಬಂದ ಕಂದು ಮಬ್ಬು.

ವಿಜ್ಞಾನಿ ಎಸ್. ಕೆ. ಸತೀಶ್ ಮತ್ತು ರಾಮನಾಥನ್ 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕೊಟ್ಟ ಲೆಕ್ಕ ಹೀಗಿದೆ. 1998 ಮತ್ತು 1999ರ ಚಳಿಗಾಲಗಳಲ್ಲಿ ಮೋಡವಿಲ್ಲದ ಹೊತ್ತು ಉತ್ತರ ಹಿಂದೂ ಮಹಾಸಾಗರದ ನೀರಿಗೆ ಬೀಳುವ ಸೌರಶಕ್ತಿ ಚದರ ಮೀಟರಿಗೆ 12ರಿಂದ 30 ವ್ಯಾಟ್ ಕಡಿಮೆಯಾಗಿತ್ತು. ವಾತಾವರಣದ ನೆತ್ತಿಯಲ್ಲಿ ಅಳೆದರೆ ಭೂಮಿಗೆ ಆದ ಒಟ್ಟು ನಷ್ಟ 4ರಿಂದ 10 ವ್ಯಾಟ್ ಮಾತ್ರ. ಮೇಲಿನ ನಷ್ಟಕ್ಕೆ ಕೆಳಗಿನ ನಷ್ಟ ಮೂರು ಪಟ್ಟು. ನಡುವಿನ ಬಾಕಿ ಎಲ್ಲಿ ಹೋಯಿತು? ಗಾಳಿಯಲ್ಲಿ ಉಳಿಯಿತು, ಅದನ್ನು ಉಳಿಸಿಕೊಂಡದ್ದು ಬಹುಮಟ್ಟಿಗೆ ಮಸಿ. ತೂಕದಲ್ಲಿ ನೋಡಿದರೆ ಆ ಮಬ್ಬಿನಲ್ಲಿ ಮಸಿಯ ಪಾಲು ತೀರಾ ಸಣ್ಣದು, ಗಂಧಕದ ಲವಣಗಳೇ ಹೆಚ್ಚು. ಹೀರುವ ಕೆಲಸದಲ್ಲಿ ಮಾತ್ರ ಅದರದೇ ದೊಡ್ಡ ಪಾಲು.

ಇಂಥದೇ ಲೆಕ್ಕ ನಮ್ಮ ಬೆಂಗಳೂರಿನಲ್ಲೂ ಆಯಿತು. 2001ರ ನವೆಂಬರಿನಲ್ಲಿ ಇಸ್ರೊದ ಯೋಜನೆಯೊಂದರಡಿ ಸುರೇಶ್ ಬಾಬು, ಸತೀಶ್ ಮತ್ತು ಕೃಷ್ಣಮೂರ್ತಿ ನಗರದ ಮಸಿಯನ್ನು ಅಳೆದರು. ಗಾಳಿಯಲ್ಲಿದ್ದ ಒಟ್ಟು ಕಣಗಳ ತೂಕದಲ್ಲಿ ಮಸಿ ಸುಮಾರು ಶೇ 11. ಮಧ್ಯಾಹ್ನ ಗಾಳಿ ತಕ್ಕಮಟ್ಟಿಗೆ ತಿಳಿಯಾಗಿದ್ದ ಹೊತ್ತಿನಲ್ಲೂ ನೆಲಕ್ಕೆ ಬೀಳುವ ಬಿಸಿಲಿನಲ್ಲಿ ಚದರ ಮೀಟರಿಗೆ 23 ವ್ಯಾಟ್ ಖೋತಾ. ವಾತಾವರಣದ ನೆತ್ತಿಯಲ್ಲಿ ನಷ್ಟವೇ ಇಲ್ಲ; ಬದಲಿಗೆ ಭೂಮಿಗೆ 5 ವ್ಯಾಟ್ ಲಾಭ! ನೆಲ ಕಳೆದುಕೊಂಡ 23, ವಾಪಸು ಹೋಗಬೇಕಿದ್ದು ಹೋಗದ 5, ಎರಡೂ ಸೇರಿ 28 ವ್ಯಾಟ್ ನಗರದ ಮೇಲಿನ ಗಾಳಿಗೆ ಸಂದಿತ್ತು. ದಿನಕ್ಕೆ ಸುಮಾರು 0.8 ಡಿಗ್ರಿಯಂತೆ ಗಾಳಿಯನ್ನು ಕಾಯಿಸಲು ಅಷ್ಟು ಸಾಕು. ಗಾಳಿ ಬೀಸಿ, ಶಾಖ ಹೊರಚೆಲ್ಲಿ ಆ ಬಿಸಿ ದಿನದಿನಕ್ಕೂ ಕೂಡುತ್ತ ಹೋಗುವುದಿಲ್ಲ, ನಿಜ. ಆದರೆ ಮಸಿ ಪ್ರತಿದಿನ ಹೊಸದಾಗಿ ಬರುತ್ತದೆ.

ಇಷ್ಟು ಸೂಕ್ಷ್ಮವಾದದ್ದನ್ನು ಅಳೆಯುವ ಯಂತ್ರದ ಹೆಸರು ಈಥಲೋಮೀಟರ್. ಅಮೆರಿಕದ ಬರ್ಕ್ಲಿ ಪ್ರಯೋಗಾಲಯದಲ್ಲಿ ಟೋನಿ ಹ್ಯಾನ್ಸೆನ್ ಮತ್ತು ಸಂಗಡಿಗರು ಇದನ್ನು ರೂಪಿಸಿ 1984ರಲ್ಲಿ ವಿವರ ಪ್ರಕಟಿಸಿದರು. ಯಂತ್ರ ಗಾಳಿಯನ್ನು ಎಳೆದು ಬಿಳಿಯ ಫಿಲ್ಟರ್ ಪಟ್ಟಿಯ ಮೂಲಕ ಹಾಯಿಸುತ್ತದೆ. ಪಟ್ಟಿಯ ಮೇಲೆ ಕರಿ ಚುಕ್ಕೆ ಮೂಡುತ್ತದೆ. ಆ ಚುಕ್ಕೆ ಎಷ್ಟು ಬೆಳಕನ್ನು ತಡೆಯುತ್ತದೆ, ನಿಮಿಷ ನಿಮಿಷಕ್ಕೂ ಎಷ್ಟು ಕಪ್ಪಾಗುತ್ತಿದೆ ಎಂದು ನೋಡಿದರೆ ಗಾಳಿಯಲ್ಲಿನ ಮಸಿ ಗೊತ್ತಾಗುತ್ತದೆ. ಮಸಿಯನ್ನು ಅದರ ಹೀರುವ ಗುಣದಿಂದಲೇ ಹಿಡಿಯುವ ಉಪಾಯವಿದು. ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ನೋಡಿದರೆ ಮೂಲದ ಸುಳಿವೂ ಸಿಗುತ್ತದೆ. ಡೀಸೆಲ್ಲಿನ ಮಸಿ ಎಲ್ಲ ಬಣ್ಣವನ್ನೂ ಹೀರುತ್ತದೆ. ಹಸಿ ಸೌದೆ, ಒದ್ದೆ ಎಲೆಯ ಹೊಗೆಯಲ್ಲಿ ಬೆರೆತ ಕಂದು ಇಂಗಾಲ ನೀಲಿಯನ್ನು ಹೆಚ್ಚಾಗಿ ಹೀರುತ್ತದೆ. ಕಸದ ಹೊಗೆಯಾಚೆ ಕಾಣುವ ಸೂರ್ಯ ಕಂದುಹಳದಿಯಾಗುವುದು ಅದಕ್ಕೇ.

ಚೆನ್ನೈನ ದಕ್ಷಿಣಕ್ಕೆ, ಕಾಟ್ಟಾಂಕುಳತ್ತೂರಿನ ಎಸ್‌ಆರ್‌ಎಂ ವಿಶ್ವವಿದ್ಯಾಲಯದ ಆವರಣದಲ್ಲೂ ಇಂಥ ಯಂತ್ರವಿಟ್ಟು ಮಸಿಯ ಏರಿಳಿತ ದಾಖಲಿಸಿದ್ದಾರೆ. ಕರಾವಳಿ ನಗರದ ಮಸಿಗೆ ತನ್ನದೇ ದಿನಚರಿ ಇದೆ. ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲೆ, ರಾತ್ರಿಯಿಡೀ ಮೇಲೆ ತಂಗಿದ್ದ ಹೊಗೆ ಕೆಳಗಿಳಿದು ಕಚೇರಿ ಹೊತ್ತಿನ ವಾಹನಗಳ ಹೊಗೆಯ ಜೊತೆ ಕೂಡುತ್ತದೆ. ನೆಲ ಕಾದ ಹಾಗೆ ಗಾಳಿ ಮೇಲೆದ್ದು ಕಲಸಿಕೊಳ್ಳುತ್ತದೆ, ಮಸಿ ತೆಳುವಾಗುತ್ತದೆ. ಮಧ್ಯಾಹ್ನ ಮರೀನಾ ಕಡೆಯಿಂದ ಕಡಲಗಾಳಿ ನುಗ್ಗಿದರೆ ಊರಿಗೆ ಊರೇ ಉಸಿರು ಬಿಡುತ್ತದೆ. ಕತ್ತಲಾದ ಮೇಲೆ ಗಾಳಿ ತಗ್ಗಿ, ಲಾರಿಗಳು ಊರೊಳಗೆ ಬರತೊಡಗಿ ಮಸಿ ಮತ್ತೆ ಏರುತ್ತದೆ. ಚೆನ್ನೈಗೆ ದೆಹಲಿಯ ಗತಿ ಬಾರದಿರುವುದಕ್ಕೆ ಈ ಕಡಲಗಾಳಿ ದೊಡ್ಡ ಕಾರಣ. ಆದರೆ ಆ ಗಾಳಿಯನ್ನು ಎಳೆಯುವುದು ಕಾದ ನೆಲ ಮತ್ತು ತಂಪು ಕಡಲಿನ ನಡುವಿನ ಅಂತರ. ಮಸಿ ಮಾಡುವುದು ನೆಲದ ಪಾಲಿನ ಬಿಸಿಲನ್ನು ಕಸಿದು ಮೇಲಿನ ಗಾಳಿಗೆ ಕೊಡುವ ಕೆಲಸ. ಕೆಳಗೆ ತಂಪು, ಮೇಲೆ ಬಿಸಿ ಎಂದಾದರೆ ಗಾಳಿ ಏಳಲಾರದು. ಏಳದ ಗಾಳಿಯಲ್ಲಿ ಮಸಿ ಇನ್ನಷ್ಟು ಕೂಡುತ್ತದೆ. ತಾನು ಉಳಿಯುವುದಕ್ಕೆ ಬೇಕಾದ ಹವೆಯನ್ನು ತಾನೇ ಮಾಡಿಕೊಳ್ಳುವ ಈ ಗುಣ ನನಗೆ ಭಯ ಹುಟ್ಟಿಸುತ್ತದೆ.

ಮೇಲಕ್ಕೆ ಹೋದ ಮಸಿಯೂ ಸುಮ್ಮನಿರುವುದಿಲ್ಲ. 2010ರ ಮಾರ್ಚಿನಲ್ಲಿ ನಮ್ಮ ವಿಜ್ಞಾನಿಗಳು ಹೈದರಾಬಾದಿನಿಂದ ದೊಡ್ಡ ಬಲೂನಿನಲ್ಲಿ ಈಥಲೋಮೀಟರ್ ಹಾರಿಸಿದರು. ಎತ್ತರಕ್ಕೆ ಹೋದಂತೆ ಮಸಿ ಕಡಿಮೆಯಾಗುತ್ತ ಹೋಗಬೇಕಿತ್ತು. ಆದರೆ ಸುಮಾರು 4.5 ಕಿಲೋಮೀಟರಿನಲ್ಲಿ ಒಂದು, 8 ಕಿಲೋಮೀಟರಿಗಿಂತ ಮೇಲೆ ಇನ್ನೊಂದು ದಟ್ಟ ಪದರ ಸಿಕ್ಕವು. ಬಿಸಿಲು ಹೀರಿ ಸುತ್ತಲ ಗಾಳಿಯನ್ನು ಕಾಯಿಸಿ ಮಸಿ ತಾನೇ ಮೇಲೇರಿ ಅಲ್ಲಿ ನೆಲೆಯೂರುತ್ತದೆಯೇ ಎಂಬ ಪ್ರಶ್ನೆಯನ್ನು ಅವರು ಎತ್ತಿದರು. 2006ರ ಮಾರ್ಚಿನಲ್ಲಿ ರಾಮನಾಥನ್ ತಂಡ ಮಾಲ್ಡೀವ್ಸಿನ ಹನಿಮಾಧೂವಿನಿಂದ ಮೂರು ಪೈಲಟ್‌ರಹಿತ ಪುಟ್ಟ ವಿಮಾನಗಳನ್ನು ಒಂದರ ಮೇಲೊಂದು ಸಾಲಾಗಿ ಹಾರಿಸಿ, ಮಬ್ಬಿನ ಕೆಳಗೆ, ಒಳಗೆ, ಮೇಲೆ ಏಕಕಾಲಕ್ಕೆ ಬಿಸಿಲನ್ನು ಅಳೆದಿತ್ತು. ಬಿಸಿಲಿನಿಂದ ಕೆಳವಾತಾವರಣ ಕಾಯುವ ಪ್ರಮಾಣವನ್ನು ಆ ಕಂದು ಮಬ್ಬು ಸುಮಾರು ಶೇ 50ರಷ್ಟು ಹೆಚ್ಚಿಸಿತ್ತು. ನೆಲಕ್ಕೆ ಬೀಳುವ ಬಿಸಿಲು ಮಂಕಾಗಿರುವುದಂತೂ ದೇಶದ ದಾಖಲೆಯಲ್ಲೇ ಇದೆ. 1981ರಿಂದ 2004ರ ನಡುವೆ ದೇಶದ 12 ಕೇಂದ್ರಗಳ ಅಳತೆ ನೋಡಿದ ಪುಣೆಯ ವಿಜ್ಞಾನಿಗಳಿಗೆ ಅದು ವರ್ಷಕ್ಕೆ ಚದರ ಮೀಟರಿಗೆ 0.86 ವ್ಯಾಟಿನಂತೆ ಕುಗ್ಗುತ್ತ ಬಂದದ್ದು ಕಂಡಿತು. ಅದರಲ್ಲಿ ಮಸಿಯ ಜೊತೆ ಇತರ ಕಣಗಳ, ಮೋಡಗಳ ಪಾಲೂ ಇದೆ.

ಮಸಿ ಇಡೀ ಭೂಮಿಯನ್ನು ಎಷ್ಟು ಬಿಸಿ ಮಾಡುತ್ತದೆ ಎಂಬ ಬಗ್ಗೆ ಮಾತ್ರ ವಿಜ್ಞಾನಿಗಳ ಅಂದಾಜು ಬದಲಾಗುತ್ತ ಬಂದಿದೆ. 2013ರ ದೊಡ್ಡ ಸಮೀಕ್ಷೆಯೊಂದು ಚದರ ಮೀಟರಿಗೆ 1.1 ವ್ಯಾಟ್ ಎಂದು ಲೆಕ್ಕ ಹಾಕಿ, ಕಾರ್ಬನ್ ಡೈಆಕ್ಸೈಡಿನ ನಂತರದ ಸ್ಥಾನವನ್ನು ಅದಕ್ಕೆ ಕೊಟ್ಟಿತ್ತು. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿ ಅದನ್ನು ಬಹಳ ಕೆಳಗಿಳಿಸಿತು. ಕಾದ ಗಾಳಿ ಮೋಡಗಳನ್ನು ಕರಗಿಸಲೂಬಹುದು, ಸ್ಥಿರವಾಗಿ ನಿಂತು ಬೇರೆ ಮೋಡಗಳನ್ನು ಬೆಳೆಸಲೂಬಹುದು. ಕೂಡಿ ಕಳೆದಾಗ ಜಾಗತಿಕ ಸರಾಸರಿ ಚಿಕ್ಕದಾಗುತ್ತದೆ. ಇದನ್ನೇ ಹಿಡಿದು ಮಸಿ ಅಷ್ಟೇನೂ ದೊಡ್ಡ ವಿಷಯವಲ್ಲ ಎನ್ನುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಜಗತ್ತಿನ ಸರಾಸರಿಯಲ್ಲಿ ಯಾರೂ ಬದುಕುವುದಿಲ್ಲ. ಬೆಂಗಳೂರಿನ ಗಾಳಿಗೆ ಸಂದ 28 ವ್ಯಾಟ್ ಆ ಸರಾಸರಿಗೆ ಹೆದರಿ ಕಡಿಮೆಯಾಗಲಿಲ್ಲ.

ಹಾಗಾದರೆ ಚೆನ್ನೈನಲ್ಲಿ ಮಸಿ ಎಲ್ಲಿಂದ ಬರುತ್ತದೆ? ಕೇಳಿದರೆ ಹೆಚ್ಚಿನವರು ಎಣ್ಣೂರಿನ ವಿದ್ಯುತ್ ಸ್ಥಾವರಗಳ ಚಿಮಣಿಯನ್ನೋ ಮಣಲಿಯ ಕಾರ್ಖಾನೆಗಳನ್ನೋ ತೋರಿಸುತ್ತಾರೆ. ಉತ್ತರ ಚೆನ್ನೈನ ಜನ ಅವುಗಳಿಂದ ಪಟ್ಟ ಪಾಡು ಸಣ್ಣದಲ್ಲ: ಹಾರುಬೂದಿ, ಗಂಧಕದ ಅನಿಲ, ಹೂಳು ತುಂಬಿದ ಕೊಸಸ್ತಲೆಯಾರಿನ ಅಳಿವೆ. ಆದರೆ ಹಾರುಬೂದಿ ಮಸಿಯಲ್ಲ. ಕಲ್ಲಿದ್ದಲ ಪುಡಿಯೂ ಮಸಿಯಲ್ಲ. ಹೈಕೋರ್ಟಿನ ಆದೇಶದಂತೆ 2011ರಲ್ಲಿ ಚೆನ್ನೈ ಬಂದರಿನಿಂದ ಎತ್ತಂಗಡಿಯಾದದ್ದು ಆ ದೂಳಿನ ವ್ಯವಹಾರ. ದೊಡ್ಡ ಬಾಯ್ಲರಿನೊಳಗೆ ಕಲ್ಲಿದ್ದಲು ಹೆಚ್ಚು ಶಾಖದಲ್ಲಿ, ಹೇರಳ ಗಾಳಿಯಲ್ಲಿ ಉರಿಯುವುದರಿಂದ ಮಸಿ ಕಡಿಮೆ. ಮಸಿ ಹುಟ್ಟುವುದು ಸಣ್ಣ, ಕೆಟ್ಟ ಬೆಂಕಿಗಳಲ್ಲಿ: ಹಳೆ ಡೀಸೆಲ್ ಎಂಜಿನ್ನು, ಇಟ್ಟಿಗೆ ಗೂಡು, ಸೌದೆ ಒಲೆ, ಬೀದಿಯಂಚಿನ ಕಸ. ಎಣ್ಣೂರಿನ ಹೆದ್ದಾರಿಯಲ್ಲಿ ಬಂದರಿನ ಬಾಗಿಲಿಗಾಗಿ ಕಾಯುತ್ತ ಎಂಜಿನ್ ಆರಿಸದೆ ನಿಲ್ಲುವ ಕಂಟೇನರ್ ಲಾರಿಗಳ ಸಾಲಿನಿಂದ ಮಸಿ ಹುಟ್ಟುತ್ತದೆ. 2022ರ ಏಪ್ರಿಲ್ ಕೊನೆಯಲ್ಲಿ ಪೆರುಂಗುಡಿಯ ಕಸದ ಬೆಟ್ಟಕ್ಕೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡಿದಾಗ ಪಕ್ಕದ ಪಳ್ಳಿಕರಣೈ ಜೌಗುನೆಲದ ಮೇಲೆ ಕವಿದದ್ದೂ ಅದೇ.

ಪ್ಲಾಸ್ಟಿಕ್ ಕಸದ ಬೆಂಕಿಗೆ ಇನ್ನೊಂದು ಕೆಡುಕಿದೆ. ಐಐಟಿ ಮದ್ರಾಸಿನ ಸಚಿನ್ ಗುಂಥೆ ಮತ್ತು ಸಂಗಡಿಗರು ದೆಹಲಿ, ಚೆನ್ನೈಗಳಲ್ಲಿ ಮಾಡಿದ ಅಳತೆಗಳು 2021ರಲ್ಲಿ ಪ್ರಕಟವಾದವು. ಕಸದ ಜೊತೆ ಪ್ಲಾಸ್ಟಿಕ್ ಉರಿದಾಗ ಹೊರಡುವ ಹೈಡ್ರೊಕ್ಲೋರಿಕ್ ಆಮ್ಲ ಗಾಳಿಯ ಅಮೋನಿಯಾ ಜೊತೆ ಸೇರಿ ಕ್ಲೋರೈಡ್ ಕಣಗಳಾಗುತ್ತದೆ. ಅವು ತೇವ ಹೀರಿ ಊದಿಕೊಂಡು ಬಿಳಿ ಮಬ್ಬು ಕಟ್ಟುತ್ತವೆ. ಇಂಥ ಲವಣಗಳು ಮಸಿಯ ಮೇಲೂ ಕವಚವಾಗಿ ಕೂರುತ್ತವೆ. ಆ ಪಾರದರ್ಶಕ ಕವಚ ಬೆಳಕನ್ನು ಬಾಗಿಸಿ ಒಳಗಿನ ಕರಿಯ ಕಣದತ್ತ ತಿರುಗಿಸುವುದರಿಂದ ಕವಚ ತೊಟ್ಟ ಮಸಿ ಬರಿಯ ಮಸಿಗಿಂತ ಹೆಚ್ಚು ಬಿಸಿಲು ಹೀರುತ್ತದೆ. ಭೋಗಿಯ ಟಯರು, ಚಾಪೆಗಳ ಬೆಂಕಿ ಮಸಿಯನ್ನೂ ಅದರ ಕವಚವನ್ನೂ ಒಟ್ಟಿಗೇ ಹುಟ್ಟಿಸುತ್ತದೆ.

ಇದು ಚೆನ್ನೈನವರ ಪಾಡು ಎಂದು ಕನ್ನಡದ ಓದುಗರು ಪಕ್ಕಕ್ಕಿಡುವ ಹಾಗಿಲ್ಲ. ಜನವರಿಯಲ್ಲಿ ಅಲ್ಲಿ ಗಾಳಿ ಬೀಸುವುದು ಬಹುತೇಕ ಈಶಾನ್ಯದಿಂದ, ಕಡಲಿನಿಂದ ಒಳನಾಡಿಗೆ. ಗಂಟೆಗೆ 15 ಕಿಲೋಮೀಟರ್ ವೇಗದ ಮೆಲುಗಾಳಿಯೂ ಚೆನ್ನೈನಿಂದ ಬೆಂಗಳೂರಿನಷ್ಟು ದೂರವನ್ನು ಒಂದೇ ದಿನದೊಳಗೆ ದಾಟುತ್ತದೆ. ಕಾಂಚೀಪುರ, ವೆಲ್ಲೂರು, ಕೋಲಾರದ ಹೊಗೆಯನ್ನೂ ಕೂಡಿಸಿಕೊಂಡು ಪಶ್ಚಿಮಕ್ಕೆ ಸಾಗಿ ಅರಬ್ಬಿ ಸಮುದ್ರಕ್ಕಿಳಿಯುವ ಆ ಗಾಳಿಯೇ ಮಾಲ್ಡೀವ್ಸ್ ತನಕ ಮಬ್ಬು ಹೊತ್ತೊಯ್ಯುವುದು.

ಕಾರ್ಬನ್ ಡೈಆಕ್ಸೈಡ್ ಒಮ್ಮೆ ಮೇಲೆ ಹೋದರೆ ಅದರ ಒಂದು ಪಾಲು ಶತಮಾನಗಟ್ಟಲೆ ಉಳಿಯುತ್ತದೆ. ಮಸಿಯ ಆಯುಸ್ಸು ಸುಮಾರು ಒಂದು ವಾರ. ಮಳೆ ಅದನ್ನು ತೊಳೆಯುತ್ತದೆ, ಇಲ್ಲವೇ ತಾನೇ ನೆಲ ಸೇರುತ್ತದೆ. ಹೊಸದಾಗಿ ಬಿಡುವುದನ್ನು ನಿಲ್ಲಿಸಿದರೆ ವಾರ ಹದಿನೈದು ದಿನಗಳಲ್ಲಿ ಗಾಳಿ ತಿಳಿಯಾಗುತ್ತದೆ. ಹವಾಮಾನದ ಇಷ್ಟೊಂದು ಕಷ್ಟಗಳ ನಡುವೆ ಇಷ್ಟು ಬೇಗ ಫಲ ಕೊಡುವ ಕೆಲಸ ಇನ್ನೊಂದಿಲ್ಲ. ನಿಲ್ಲಿಸುವುದು ಹೇಗೆಂಬುದೂ ಗೊತ್ತು, ಹಲವು ಕಡೆ ಮಾಡಿಯೂ ಆಗಿದೆ. ಮದ್ರಾಸಿನ ಬೀಚ್ ನಿಲ್ದಾಣದಿಂದ ತಾಂಬರಂಗೆ ಹೋಗುವ ರೈಲು ಹೊಗೆಯ ಎಂಜಿನ್ ಬಿಟ್ಟು ವಿದ್ಯುತ್ತಿಗೆ ಬಂದದ್ದು 1931ರಲ್ಲಿ. ಉಡುಪಿ ಸೀಮೆಯ ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕಾಲಕ್ಕೆ ಹೋಟೆಲಿನ ಅಡುಗೆಮನೆಯೆಂದರೆ ಸೌದೆಯ ಒಲೆ, ಮಸಿ ಹಿಡಿದ ಗೋಡೆ, ಹೊಗೆಗೆ ಕಣ್ಣು ಕೆಂಪಾದ ಅಡುಗೆಭಟ್ಟರು. ಇಂದು ಚೆನ್ನೈನ ಉಡುಪಿ ಹೋಟೆಲುಗಳಲ್ಲಿ ಉರಿಯುವುದು ಗ್ಯಾಸು; ದೋಸೆಯ ರುಚಿಗೇನೂ ಕುಂದಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಎ. ಕೆ. ಎನ್. ರೆಡ್ಡಿ 1974ರಲ್ಲಿ ಹುಟ್ಟುಹಾಕಿದ ‘ಅಸ್ತ್ರ’ ಕೇಂದ್ರ, ಒಳಗೆ ಗಾಳಿಯಾಡುವ, ಹೊಗೆ ಕೊಳವೆಯಲ್ಲಿ ಹೊರಹೋಗುವ ಅಸ್ತ್ರ ಒಲೆಯನ್ನು ಕೊಟ್ಟು ಕರ್ನಾಟಕದ ಹಳ್ಳಿ ಮನೆಗಳ ಸೌದೆಯ ಖರ್ಚನ್ನೂ ಹೊಗೆಯನ್ನೂ ಇಳಿಸಿತು. ದಕ್ಷಿಣದ ಹಳ್ಳಿಯಲ್ಲಿ ಅಜ್ಜಿ ಸೌದೆ ಒಲೆಯ ಮುಂದೆ ಕೆಮ್ಮುತ್ತಿದ್ದ ನೆನಪನ್ನು ರಾಮನಾಥನ್ ಹಲವು ಕಡೆ ಹೇಳಿಕೊಂಡಿದ್ದಾರೆ. 2009ರಲ್ಲಿ ಅವರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಹೊಗೆರಹಿತ ಒಲೆಗಳ ‘ಸೂರ್ಯ’ ಯೋಜನೆ ಕೈಗೊಂಡದ್ದರ ಹಿಂದೆ ಆ ಅಜ್ಜಿ ಇದ್ದರು.

ವಾಹನಗಳ ವಿಷಯದಲ್ಲೂ ದಾರಿ ತೆರೆದಿದೆ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದ ಮೇಲೆ ಬರುವ ಹೊಸ ಡೀಸೆಲ್ ಲಾರಿ, ಬಸ್ಸುಗಳಿಗೆ ಹೊಗೆಯ ಕಣ ಹಿಡಿಯುವ ಫಿಲ್ಟರ್ ಇರುತ್ತದೆ, ಅದು ಮಸಿಯ ಬಹುಪಾಲನ್ನು ತಡೆಯುತ್ತದೆ. ಉಳಿದಿರುವುದು ಅದಕ್ಕೂ ಹಿಂದಿನ ಲಾರಿಗಳು, ಓಣಿಗಳ ಜನರೇಟರುಗಳು ಮತ್ತು ಕಸ.

ಆದರೆ ಮಸಿ ಎಷ್ಟಿದೆ ಎಂದು ಚೆನ್ನೈನ, ಬೆಂಗಳೂರಿನ ಸಾಮಾನ್ಯ ಮನುಷ್ಯ ತಿಳಿಯುವುದು ಹೇಗೆ? ನಮ್ಮ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಎಂಟು ಮಾಲಿನ್ಯಕಾರಕಗಳಿವೆ. ಸೂಕ್ಷ್ಮ ಕಣಗಳ ಅಳತೆಗಳಾದ ಪಿಎಂ 10, ಪಿಎಂ 2.5ರಿಂದ ಹಿಡಿದು ಸೀಸದವರೆಗೆ ಅದರಲ್ಲಿ ಲೆಕ್ಕವಿದೆ, ಮಸಿಗೆ ಮಾತ್ರ ಪ್ರತ್ಯೇಕ ಜಾಗವಿಲ್ಲ. ಪಿಎಂ 2.5ರ ಅಂಕಿಯೊಳಗೆ ಉಪ್ಪು, ದೂಳು, ಗಂಧಕದ ಜೊತೆ ಮಸಿಯೂ ಕರಗಿಹೋಗುತ್ತದೆ. ಬಿಸಿಲನ್ನು ಹಿಂದಕ್ಕೆ ಕಳಿಸುವ ಕಣಕ್ಕೂ ಅದನ್ನು ಹೀರುವ ಕಣಕ್ಕೂ ಅಲ್ಲಿ ಒಂದೇ ತಕ್ಕಡಿ. ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ಮಾರ್ಗಸೂಚಿಯಲ್ಲೇ ಮಸಿಯನ್ನು ಬೇರೆಯಾಗಿ ಅಳೆಯಿರಿ ಎಂದು ಸರ್ಕಾರಗಳಿಗೆ ಹೇಳಿದೆ. ಯಂತ್ರ ಇದೆ, ಇಸ್ರೊ ಮತ್ತು ವಿಶ್ವವಿದ್ಯಾಲಯಗಳು ವರ್ಷಗಳಿಂದ ಅಳೆಯುತ್ತಲೂ ಇವೆ. ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿ ಭೋಗಿಗೂ ನಗರದ ಹಲವೆಡೆ ಗಾಳಿ ಪರೀಕ್ಷಿಸಿ ಅಂಕಿ ಪ್ರಕಟಿಸುತ್ತದೆ. ಮುಂದಿನ ಭೋಗಿಯಿಂದ ಆ ಪಟ್ಟಿಗೆ ಮಸಿಯ ಅಂಕಿಯೂ ಸೇರಲಿ, ನಂತರ ವರ್ಷದ ಉಳಿದ 364 ದಿನಗಳಿಗೂ ಅದು ಸಿಗುವಂತಾಗಲಿ, ಚೆನ್ನೈನಲ್ಲೂ ಬೆಂಗಳೂರಿನಲ್ಲೂ.